ಮಾಡದಕೆರೆಯ ಸವೆದ ಸವರನ್

೨೦೨೫ನೆಯ ಇಸವಿ ಜೂನ್ ಹನ್ನೆರಡರಂದು, ಚಿತ್ರದುರ್ಗದ ಯೋಗೇಶನ ಚಿನ್ನದಂಗಡಿಯ ತಕ್ಕಡಿಯಲ್ಲಿ ದಾಕ್ಷಾಯಿಣಿಯ ನಾಣ್ಯ ಆರು ಗ್ರಾಂ ನಾನೂರು ಮಿಲಿಗ್ರಾಂ ತೂಗಿತು. ಅದು ಬ್ರಿಟಿಷರ ಕಾಲದ ಚಿನ್ನದ ಸವರನ್. ಟಂಕಸಾಲೆಯಿಂದ ಹೊರಟ ದಿನ ಅದರ ತೂಕ ಎಂಟು ಗ್ರಾಮಿಗೆ ಕೂದಲೆಳೆಯಷ್ಟು ಕಡಿಮೆ. ಒಂದೂವರೆ ಗ್ರಾಮಿಗೂ ಮಿಕ್ಕಿದ ಚಿನ್ನ ಎಲ್ಲಿ ಹೋಯಿತೆಂದು ಯೋಗೇಶ, ಊರಿನ ಲೆಕ್ಕದ ಮೇಷ್ಟ್ರಾಗಿ ಅವಳ ಜೊತೆ ಹೋಗಿದ್ದ ನನ್ನನ್ನು ಕೇಳಿದ. ಅದು ನಮ್ಮೂರು ಮಾಡದಕೆರೆಯವರ ಹೊಟ್ಟೆ ಸೇರಿತ್ತು.

"ರಾಜನ ಮೂಗಿಲ್ಲ, ಗಡ್ಡ ಇಲ್ಲ, ಇಸವಿನೂ ಇಲ್ಲ. ಹಳೇ ನಾಣ್ಯ ಕೂಡಿಡೋರು ಇದನ್ನ ಮುಟ್ಟಂಗಿಲ್ಲ ಮೇಷ್ಟ್ರೇ. ತೂಕಕ್ಕೆ ಬೇಕಾರೆ ತಗಂತೀನಿ, ಗ್ರಾಮಿಗೆ ಒಂಬತ್ತು ಸಾವಿರ" ಎಂದ ಅವನು.

ಐವತ್ತೇಳು ಸಾವಿರದ ಆರು ನೂರು. ದಾಕ್ಷಾಯಿಣಿಗೆ ಬೇಕಾಗಿದ್ದದ್ದು ಎಪ್ಪತ್ತು ಸಾವಿರ. ಆರು ವರ್ಷಗಳಿಂದ ಅವಳು ಹೊಸದುರ್ಗದಲ್ಲಿ ಬುಟ್ಟಿ ಹೊತ್ತು, ಕಂಡವರ ಅಂಗಡಿಗಳ ಮುಂದೆ ನಿಂತು ರೊಟ್ಟಿ ಮಾರುತ್ತಿದ್ದಳು. ಬಸ್ ನಿಲ್ದಾಣದ ಎದುರು ಮಂಜಣ್ಣನ ಮಳಿಗೆಯೊಂದು ಖಾಲಿಯಾಗಿತ್ತು. ಸೋಮವಾರದೊಳಗೆ ಆ ಎಪ್ಪತ್ತು ಸಾವಿರ ಮುಂಗಡ ಬಾರದಿದ್ದರೆ ಅದು ಮೊಬೈಲು ರಿಪೇರಿಯವನ ಪಾಲಾಗುವುದಿತ್ತು.

ಅವಳು ನಾಣ್ಯವನ್ನು ಮಾರದೆ ಸೆರಗಿನ ತುದಿಗೆ ಕಟ್ಟಿಕೊಂಡು ಹಿಂದಿರುಗಿದಳು.

ಅದು ಅವಳ ಅತ್ತೆಯ ಅತ್ತೆ ಹುಲಿಗೆಮ್ಮನ ನಾಣ್ಯ. ಊರಿನಲ್ಲಿ ಕೂಸು ಹುಟ್ಟಿದರೆ ಬಜೆಯ ಬೇರಿನೊಡನೆ ಅದನ್ನೂ ಕಲ್ಲಿನ ಮೇಲೆ ತೇಯ್ದು, ತಾಯಿಯ ಹಾಲಿನಲ್ಲಿ ಕಲಸಿ ನೆಕ್ಕಿಸುವುದು ವಾಡಿಕೆ. ಬುದ್ಧಿ ಚುರುಕಾಗುತ್ತದಂತೆ, ಮಾತು ಸ್ಪಷ್ಟವಾಗುತ್ತದಂತೆ. ಕೇಳಿದವರಿಗೆ ಆ ಮನೆಯವರು ಇಲ್ಲವೆಂದದ್ದಿಲ್ಲ, ಬಿಡಿಗಾಸು ಪಡೆದದ್ದೂ ಇಲ್ಲ.

ಆ ಸಂಜೆ ನಾನು ಅರಳಿಕಟ್ಟೆಯಲ್ಲಿ ಲೆಕ್ಕವನ್ನು ಮುಂದಿಟ್ಟೆ. ಕೊರತೆ ಹನ್ನೆರಡು ಸಾವಿರದ ನಾನೂರು. ನೆಕ್ಕಿದವರಲ್ಲಿ ಬದುಕಿರುವವರು ಅರವತ್ತೆರಡು ಮಂದಿ. ತಲೆಗೆ ಇನ್ನೂರು. ಶೇಷವಿಲ್ಲ.

ತನ್ನದು ಚಿನ್ನ ನೆಕ್ಕಿದ ನಾಲಿಗೆಯೆಂದು ಪ್ರತಿ ಚುನಾವಣೆಯಲ್ಲೂ ಭಾಷಣ ಮಾಡುವ ಪರಮೇಶ್ ಮೊದಲು ಎದ್ದ. "ನಾನು ಹುಟ್ಟಿದ್ದು ರಾಮಗಿರಿಲಿ, ನಮ್ಮಜ್ಜಿ ಮನೇಲಿ. ಅಲ್ಲಿ ನೆಕ್ಸಿದ್ದು ಬರೇ ಬಜೆ ಮೇಷ್ಟ್ರೇ."

"ನಂಗೆ ನೆಕ್ಸಿರಬೋದು. ಗುಣ ಏನು ಬಂತು ಹೇಳ್ರಿ? ಎಸ್ಸೆಸ್ಸೆಲ್ಸಿ ಮೂರು ಸಲ ಡುಮ್ಕಿ" ಎಂದ ಬೋರಪ್ಪ.

"ಲೇ, ನೀನು ಉಗುಳಿದ್ದೆ ಬಿಡು!" ಎಂದು ಯಾರೋ ಕೂಗಿದರು. ಕಟ್ಟೆಯೆಲ್ಲ ನಕ್ಕಿತು, ನಗುತ್ತಲೇ ಕರಗಿತು.

ಸಂಗ್ರಹವಾದದ್ದು ಇನ್ನೂರು. ಅದು ನನ್ನದು.

ಮರುದಿನ ಬೆಳಿಗ್ಗೆ ಮಂಜಣ್ಣನೇ ಬೈಕಿನಲ್ಲಿ ಬಂದಿಳಿದ. ಮಳಿಗೆ ಕೈತಪ್ಪಿತೆಂದುಕೊಂಡು ದಾಕ್ಷಾಯಿಣಿ ನನ್ನನ್ನು ಕರೆಸಿದಳು.

"ಕುಂತ್ಕಳ್ರಿ" ಎಂದಳು. ಅವನು ಕೂರಲಿಲ್ಲ.

"ಹಿರಿಯೂರಿನಾಗೆ ಮಗಳಿಗೆ ಹೆರಿಗೆ ಆಗೈತಮ್ಮಾ. ಹೆಣ್ಣುಕೂಸು. ನಮ್ಮನೆಯಾಕಿ ಈ ಊರಿನ ಮಗಳಲ್ವಾ, ನಿಮ್ಮನೆ ನಾಣ್ಯಾನೇ ಬೇಕಂತ ಕುಂತವ್ಳೆ. ಮಾರಾಕೆ ಮುಂಚೆ ಒಂದು ದಿನ ಕೊಡು."

ಅವನ ಬೆರಳುಗಳಲ್ಲಿ ನಾಲ್ಕು ಉಂಗುರಗಳಿದ್ದವು. ಅವುಗಳಲ್ಲೊಂದನ್ನು ತೇಯಬಾರದೇಕೆಂದು ನಾನು ಕೇಳಿದೆ.

"ಉಂಗುರದಾಗೆ ತಾಮ್ರ ಐತಲ್ರೀ."

"ಸವರನ್ನಿನಲ್ಲೂ ಇದೆ. ಹನ್ನೆರಡರಲ್ಲಿ ಒಂದು ಪಾಲು."

"ಇರ್ಲಿ ಬಿಡ್ರಿ. ಇದು ಕೂಸುಗಳಿಗೆ ಒಗ್ಗಿದ ಚಿನ್ನ."

ದಾಕ್ಷಾಯಿಣಿ ಸೆರಗಿನ ಗಂಟು ಬಿಚ್ಚಿದಳು. ವಾಡಿಕೆಯಂತೆ ಸುಮ್ಮನೆ ಕೊಟ್ಟುಬಿಡುತ್ತಾಳೆಂದುಕೊಂಡೆ. ಅವಳು ನಾಣ್ಯವನ್ನು ಅಂಗೈಯಲ್ಲಿಟ್ಟು ಮುಷ್ಟಿ ಬಿಗಿದಳು.

"ಮುಂಗಡಕ್ಕೆ ಇದನ್ನೇ ಇಟ್ಕಳ್ರಿ. ನಾನು ಮಳಿಗೆ ಬಿಟ್ಟ ದಿನ ವಾಪಸ್ ಕೊಡ್ರಿ. ಅಲ್ಲೀಗಂಟ ನಿಮ್ಮನೇಲೇ ಇರ್ಲಿ."

"ಇದು ಎಪ್ಪತ್ತಕ್ಕೆ ಬರಂಗಿಲ್ಲಲ್ಲಮ್ಮಾ."

"ಹಂಗಾರೆ ಉಂಗುರ ತೇಯ್ರಿ."

ಮಂಜಣ್ಣ ಉಂಗುರಗಳನ್ನೊಮ್ಮೆ ನೋಡಿಕೊಂಡ. ಆಮೇಲೆ ಬೈಕಿನ ಬೀಗದ ಕೈಯ ಗೊಂಚಲಿನಿಂದ ಮಳಿಗೆಯ ಬೀಗದ ಕೈಯನ್ನು ಬಿಡಿಸಿದ.

ಯೋಗೇಶನ ಕಣ್ಣಿಗೆ ಯಾವುದು ದೋಷವಾಗಿತ್ತೋ, ಅದೇ ಇವನ ಕಣ್ಣಿಗೆ ಹನ್ನೆರಡು ಸಾವಿರದ ನಾನೂರು ರೂಪಾಯಿ ಬೆಲೆಯುಳ್ಳದ್ದಾಯಿತು. ಇದನ್ನು ಯಾವ ಸೂತ್ರದಿಂದ ಸಾಧಿಸಬೇಕೆಂದು ನನಗೆ ತಿಳಿಯಲಿಲ್ಲ. ತಿಳಿದಷ್ಟನ್ನು ಕರಾರಿನಲ್ಲಿ ಬರೆಸಿದೆ: ನಾಣ್ಯವನ್ನು ದೀಪಾವಳಿಗೊಮ್ಮೆ ತೂಗತಕ್ಕದ್ದು, ಕಡಿಮೆಯಾದಷ್ಟನ್ನು ಅಂದಿನ ದರದಲ್ಲಿ ಬಾಡಿಗೆಯಿಂದ ಮುರಿದುಕೊಳ್ಳತಕ್ಕದ್ದು.

"ಚಿನ್ನ ಏನು ಕರ್ಪೂರಾನಾ ಮೇಷ್ಟ್ರೇ, ಕರಗೋಗಾಕೆ?" ಎಂದು ನಗುತ್ತಾ ಮಂಜಣ್ಣ ರುಜು ಹಾಕಿದ.

ನಾಣ್ಯ ಹೊಸದುರ್ಗಕ್ಕೆ ಹೋದ ಮೇಲೆ ಹೊಳಲ್ಕೆರೆಯವರೆಗಿನ ನೆಂಟರಿಷ್ಟರು ಕೂಸುಗಳನ್ನೆತ್ತಿಕೊಂಡು ಅವನ ಮನೆಗೆ ಬರತೊಡಗಿದರು. ಪರಮೇಶ್ ಕೂಡ ಮೊಮ್ಮಗನೊಡನೆ ಹೋಗಿಬಂದ. ದೀಪಾವಳಿಯಲ್ಲಿ ತೂಗಿದಾಗ ಎಪ್ಪತ್ತು ಮಿಲಿಗ್ರಾಂ ಇಳಿದಿತ್ತು. ದರ ಗ್ರಾಮಿಗೆ ಹನ್ನೆರಡು ಸಾವಿರಕ್ಕೆ ಏರಿತ್ತು.

ದಾಕ್ಷಾಯಿಣಿ ನಾಲ್ಕು ಸಾವಿರದ ಬಾಡಿಗೆಯಲ್ಲಿ ಎಂಟು ನೂರ ನಲವತ್ತನ್ನು ಹಿಡಿದು ಉಳಿದದ್ದನ್ನು ಕೊಟ್ಟಳು.

"ಏನಮ್ಮಾ, ಕೂಸಿನ ಬಾಯಿಂದ ಕಿತ್ಕಂತೀಯಾ?" ಎಂದ ಮಂಜಣ್ಣ.

"ಬಾಯಿಂದ ಅಲ್ರಿ, ತಾತನ ಜೇಬಿಂದ" ಎಂದು ಅವಳು ಒಲೆಯ ಮೇಲಿನ ರೊಟ್ಟಿಯನ್ನು ಮಗುಚಿದಳು.

ಅವನು ಎರಡು ಸಲ ಎಣಿಸಿ ನೋಟುಗಳನ್ನು ಜೇಬಿಗಿಳಿಸಿದ. ಕೂಸುಗಳು ನೆಕ್ಕಿದ ಚಿನ್ನದ ಆ ವರ್ಷದ ಸಾಲ ಅಲ್ಲಿಗೆ ತೀರಿತು.