ಮನೆ ಹಂಚಿನ ವಿಷಯ

ಮೂವತ್ತೊಂದು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವಳು, ಊರವರ ಕೊಂಬು, ಒತ್ತು, ದೀರ್ಘಗಳನ್ನೆಲ್ಲ ಸರಿಪಡಿಸಿ ಕಣ್ಣು ಮಂಜಾಗಿಸಿಕೊಂಡವಳು, ಕೊನೆಗೆ ತನ್ನ ಮನೆಯ ವಿಷಯದಲ್ಲೇ ಅಕ್ಷರ ತಪ್ಪಿದಳು. ತಪ್ಪಿದ್ದು ಫೋನು ಎಂದು ವಾದಿಸಬಹುದು. ಆದರೆ ಪ್ರೆಸ್ಸಿನವರೆಲ್ಲ ಪ್ರೂಫಮ್ಮ ಎಂದು ಕರೆಯುತ್ತಿದ್ದ ಆ ಹೆಂಗಸು ತನ್ನ ತಪ್ಪನ್ನು ಯಂತ್ರದ ತಲೆಗೆ ಕಟ್ಟುವವಳಲ್ಲ. ಅಣ್ಣನಿಗೂ ತಮ್ಮನಿಗೂ ಅವಳು ಬರೆಯಹೊರಟದ್ದು 'ಮನೆ ಹಂಚಿನ ವಿಷಯ ಮಾತಾಡಬೇಕು, ಭಾನುವಾರ ಬನ್ನಿ' ಎಂದು. ಫೋನು ತನ್ನ ಜಾಣತನವನ್ನೂ ಸ್ವಲ್ಪ ಸೇರಿಸಿ 'ಮನೆ ಹಂಚುವ ವಿಷಯ' ಎಂದು ಕಳಿಸಿಬಿಟ್ಟಿತು.

ಸೋರುವ ಛಾವಣಿಯ ಬಗ್ಗೆ ಅವಳು ಎರಡು ವರ್ಷದಿಂದ ಇಬ್ಬರಿಗೂ ಬರೆಯುತ್ತಲೇ ಇದ್ದಳು. ಇಬ್ಬರೂ ಇರುವುದು ಅದೇ ಊರಿನಲ್ಲಿ, ಬಸ್ಸಿನಲ್ಲಿ ಅರ್ಧ ಗಂಟೆ ದೂರ. ಅಣ್ಣ ಒಮ್ಮೆ ಹೆಬ್ಬೆರಳಿನ ಚಿತ್ರ ಕಳಿಸಿದ್ದ. ತಮ್ಮ ಅದನ್ನೂ ಕಳಿಸಿರಲಿಲ್ಲ; ಬಿಡುವಿಲ್ಲ ಎಂದು ಹೇಳಿಕೊಂಡು ತಿರುಗುವುದಕ್ಕೇ ಅವನಿಗೆ ದಿನ ಸಾಲುತ್ತಿರಲಿಲ್ಲ. ಈ ಸಲ ಹನ್ನೊಂದೇ ನಿಮಿಷದಲ್ಲಿ ಇಬ್ಬರ ಉತ್ತರವೂ ಬಂತು. ಭಾನುವಾರದವರೆಗೆ ಯಾಕೆ, ಶನಿವಾರವೇ ಆಗದೇ ಎಂದು ಅಣ್ಣ ಕೇಳಿದ್ದ. ಒಡಹುಟ್ಟಿದವರೆಂದರೆ ಸುಮ್ಮನೆಯೇ?

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರೆ. ಬಂದರು ರಸ್ತೆಯ ಆ ಮನೆ ಎಪ್ಪತ್ತು ವರ್ಷ ಸಮುದ್ರದ ಉಪ್ಪುಗಾಳಿ ತಿಂದು, ಈಗ ಹಂಚಿನ ಸಂದುಸಂದಿನಿಂದ ನೀರು ಕುಡಿಯುತ್ತಿತ್ತು. ಹೋದ ವಾರ ನೋಡಲು ಬಂದಿದ್ದ ಹಂಚಿನ ಮೇಸ್ತ್ರಿ ಹಂಚು ಹೊತ್ತ ಮರದ ಪಕಾಸೊಂದಕ್ಕೆ ತಿರುಪುಳಿ ಚುಚ್ಚಿದರೆ ಅದು ಹಿಡಿಯವರೆಗೂ ಒಳಗೆ ಹೋಯಿತು. ಮೊಳೆ ಕಿತ್ತರೆ ಕೈಗೆ ಬಂದದ್ದು ಕೆಂಪು ಪುಡಿ. ಮರವನ್ನೂ ಬದಲಾಯಿಸಬೇಕು, ಹಂಚನ್ನೂ ಬದಲಾಯಿಸಬೇಕು, ಮೊಳೆಗಳು ತುಕ್ಕು ಹಿಡಿಯದ ಜಾತಿಯವೇ ಆಗಬೇಕು, ಎಲ್ಲವೂ ಮಳೆಗೆ ಮೊದಲು ಮುಗಿಯಬೇಕು ಎಂದ. ಮುಂದಿನ ಮಳೆಗೆ ಇದು ತಡೆಯುವುದಿಲ್ಲ, ಅಮ್ಮನವರು ಕೆಳಗೆ ಮಲಗಿರುತ್ತೀರಿ ಎಂಬುದನ್ನೂ ಮೆಲ್ಲಗೆ ನೆನಪಿಸಿದ. ಕೆಲಸ ಶುರುವಾಗಬೇಕಾದರೆ ನಗರಸಭೆಗೆ ಮನೆಯ ಮೂವರು ಹಕ್ಕುದಾರರ ಒಪ್ಪಿಗೆ ಪತ್ರ ಬೇಕಿತ್ತು. ಅವಳ ಸಹಿ ಎರಡು ವರ್ಷದಿಂದ ಸಿದ್ಧವಾಗಿ ಕೂತಿತ್ತು.

ಭಾನುವಾರ ಹತ್ತಕ್ಕೆ ಬನ್ನಿ ಎಂದರೆ ಇಬ್ಬರೂ ಒಂಬತ್ತಕ್ಕೇ ಬಂದರು. ಅಣ್ಣ ಅಳತೆಯ ಟೇಪು ತಂದಿದ್ದ. ತಮ್ಮ ಚೌಕುಳಿ ಹಾಳೆ ತಂದು, ಮನೆಯ ನಕ್ಷೆಯನ್ನು ಪೆನ್ಸಿಲಿನಲ್ಲಿ ಆಗಲೇ ಬರೆದುಕೊಂಡಿದ್ದ. ಬಾಗಿಲಲ್ಲೇ ತಪ್ಪು ತಿದ್ದಿಬಿಡಬೇಕು ಎಂದುಕೊಂಡಿದ್ದಳು ಪ್ರೂಫಮ್ಮ. ತಪ್ಪಕ್ಷರ ಕಂಡೂ ಬಿಟ್ಟವಳೇ ಅಲ್ಲ ಅವಳು. ಆದರೆ ಹೇಗಿದ್ದೀಯ ಎಂದು ಕೇಳುವ ಮೊದಲೇ ಅಣ್ಣ ಟೇಪಿನ ತುದಿಯನ್ನು ಅವಳ ಕೈಗೆ ಕೊಟ್ಟು, ಗೋಡೆಗೆ ಒತ್ತಿ ಹಿಡಿ ಎಂದ. ಅವಳು ಹಿಡಿದಳು. ಇದು ಎಲ್ಲಿಯವರೆಗೆ ಹೋಗುತ್ತದೋ ನೋಡಿಯೇಬಿಡೋಣ ಎಂಬ ಕೆಟ್ಟ ಕುತೂಹಲವೂ ಹುಟ್ಟಿತು.

ಬಹಳ ದೂರ ಹೋಯಿತು. ಬೀದಿ ಕಡೆಯ ಹಜಾರ, ಅದಕ್ಕೆ ಅಂಟಿದ ಕೋಣೆ ಹಿರಿಯನಿಗೆ. ಸಮುದ್ರ ಕಾಣುವ ಹಿಂದಿನ ಎರಡು ಕೋಣೆ ಕಿರಿಯನಿಗೆ. ಅಡುಗೆಮನೆ ಯಾರದು ಎಂಬಲ್ಲಿ ಗಂಟಲು ಏರಿತು. ಈ ಮನೆಯಲ್ಲಿ ಒಂದು ಲೋಟ ತೊಳೆದಿಡದವರು ಅಡುಗೆಕಟ್ಟೆಯ ಕಲ್ಲಿನ ಮೇಲೆ ತಮಗಿರುವ ಮಮತೆಯನ್ನು ಕಣ್ಣು ತುಂಬಿಕೊಂಡು ವರ್ಣಿಸಿದರು. ನಡುಮನೆಯಲ್ಲಿ ಸೋರಿಕೆಗೆ ಇಟ್ಟಿದ್ದ ಬಕೆಟ್ಟು ಅಳತೆಗೆ ಅಡ್ಡ ಬಂತು. ಅಣ್ಣ ಅದನ್ನು ಕಾಲಿನಿಂದ ಸರಿಸಿದ. ಅದು ಅಲ್ಲಿ ಯಾಕಿದೆ ಎಂದು ತಲೆಯೆತ್ತಿ ನೋಡಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದವರಿದ್ದಾರೆ. ಇವರು ಕುಲಾವಿಗೆ ಗುಂಡಿ ಯಾವ ಬಣ್ಣದ್ದು ಎಂದು ಜಗಳ ಆಡುತ್ತಿದ್ದರು.

ಹಾಳೆಯ ಮೇಲೆ ಮನೆ ಪೂರಾ ಖಾಲಿಯಾದಾಗ ಪ್ರೂಫಮ್ಮ ಚಹಾ ತಂದಿಟ್ಟು ಕೇಳಿದಳು. "ಮತ್ತೆ ನಾನು?"

ಒಂದು ಕ್ಷಣ ಇಬ್ಬರಿಗೂ ಪ್ರಶ್ನೆಯೇ ಅರ್ಥವಾಗಲಿಲ್ಲ. ಅಣ್ಣನೇ ಮೊದಲು ಸುಧಾರಿಸಿಕೊಂಡ. "ನಿಂದೇನಮ್ಮ ಚಿಂತೆ? ಆರು ತಿಂಗಳು ನನ್ನ ಹತ್ರ ಇರು, ಆರು ತಿಂಗಳು ಇವನ ಹತ್ರ ಇರು. ಒಂಟಿಯಾಗಿ ಈ ಮನೇಲಿ ಯಾಕೆ ಕಷ್ಟಪಡ್ತೀಯ?"

ಏರ್ಪಾಡು ಅಚ್ಚುಕಟ್ಟಾಗಿಯೇ ಇತ್ತು, ಯಾವ ಆರು ತಿಂಗಳು ಎಂಬ ಮಾತು ಬರುವವರೆಗೆ. ಮಳೆಗಾಲದಲ್ಲಿ ಅವಳಿಗೆ ಕೆಮ್ಮು ಹಿಡಿಯುತ್ತದೆಂಬುದು ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು. ಔಷಧಿ ತಂದುಕೊಟ್ಟು ಗೊತ್ತಾದದ್ದಲ್ಲ, ಫೋನಿನಲ್ಲಿ ಕೇಳಿಸಿ ಗೊತ್ತಾದದ್ದು. ತನ್ನ ಮನೆಯಲ್ಲಿ ಗಾಳಿ ಆಡುವುದಿಲ್ಲ, ಮಳೆಗಾಲ ನಿನಗಿರಲಿ ಎಂದ ಅಣ್ಣ. ತನ್ನ ಹೆಂಡತಿಗೆ ನಿದ್ದೆ ಬಹಳ ಸೂಕ್ಷ್ಮ, ನೀನೇ ದೊಡ್ಡವನು ಎಂದ ತಮ್ಮ. ಕೋಣೆಗಳಿಗೆ ನಾನು ತಾನು ಎಂದು ಕಿತ್ತಾಡಿದವರು ಈಗ ನೀನು ನೀನು ಎನ್ನತೊಡಗಿದರು. ಪ್ರೂಫಮ್ಮನಿಗೆ ನಗು ಬಂತು, ಬೆನ್ನಿಗೇ ಅಳು ಬಂತು. ಅವಳಿಗೆ ಬೇಕಾಗಿದ್ದದ್ದು ಒಂದೇ ಮಾತು. ನೀನು ಇಲ್ಲೇ ಇರ್ತೀಯ, ಮತ್ತೆಲ್ಲಿ ಹೋಗ್ತೀಯ ಎಂದು ಇಬ್ಬರಲ್ಲಿ ಯಾರಾದರೂ ಒಬ್ಬರು ಅಂದಿದ್ದರೆ, ಅವಳು ಆ ಹಾಳೆಗೂ ಸಹಿ ಹಾಕಿಬಿಡುತ್ತಿದ್ದಳು. ಯಾರೂ ಅನ್ನಲಿಲ್ಲ.

ಅವಳು ಎದ್ದು ಹೋಗಿ ಒಪ್ಪಿಗೆ ಪತ್ರ ತಂದಳು. ಓದಿ ಸಹಿ ಹಾಕಿ ಎಂದು ಒಮ್ಮೆ ಹೇಳಿದಳು, ಎರಡನೇ ಸಲ ಒತ್ತಿ ಹೇಳಿದಳು. ನೀನು ಓದಿದ ಮೇಲೆ ನಾವೇನು ಓದೋದು ಎಂದು ಅಣ್ಣ ದೊಡ್ಡ ಮನಸ್ಸು ಮಾಡಿ ಗೀಚಿದ. ತಮ್ಮ ಇನ್ನೂ ಮಳೆಗಾಲದ ಗುಂಗಿನಲ್ಲೇ ಇದ್ದ. ಎಲ್ಲಿ ಎಂದು ಕೇಳಿ, ಅವಳು ಬೆರಳಿಟ್ಟ ಕಡೆ ಹಾಕಿದ. ಅವಳು ಅದೇ ದಿನ ಬರಹೇಳಿದ್ದ ಮೇಸ್ತ್ರಿ ಅಷ್ಟರಲ್ಲಿ ಅಂಗಳದಲ್ಲಿ ಏಣಿ ಇಳಿಸಿ ಬಂದು, ಪತ್ರವನ್ನು ಮಡಚಿ ಅಂಗಿಯ ಜೇಬಿಗೆ ಸೇರಿಸಿದ.

ಆಮೇಲೆ ಪ್ರೂಫಮ್ಮ ತಪ್ಪನ್ನು ತಿದ್ದಿದಳು. "ನೀವು ಸಹಿ ಹಾಕಿದ್ದು ಹಂಚು ಬದಲಾಯಿಸೋದಕ್ಕೆ. ಮನೆ ಹಂಚೋದಕ್ಕಲ್ಲ. ಫೋನು ಎರಡಕ್ಷರ ತಪ್ಪು ಹೊಡೀತು."

ಅಣ್ಣನ ಮುಖ ಕೆಂಪಾಯಿತು. ಬಾಗಿಲಲ್ಲೇ ಹೇಳಬಹುದಿತ್ತಲ್ಲ, ನಮ್ಮನ್ನು ಮಂಗ ಮಾಡಿದೆಯಲ್ಲ ಎಂದ. ಹೇಳಬಹುದಿತ್ತು ಎಂದು ಅವಳು ಒಪ್ಪಿಕೊಂಡಳು. "ನನ್ನನ್ನ ಎಲ್ಲಿಡ್ತೀರಿ ಅಂತ ನೋಡ್ಬೇಕಿತ್ತು ಅಣ್ಣ. ನೋಡಿದೆ."

ತಮ್ಮ ತಲೆ ತಗ್ಗಿಸಿ ಪೆನ್ಸಿಲು ತಿರುಗಿಸುತ್ತ ಕೂತ. ತಮಾಷೆಗೆ ಅಂದದ್ದು ಎಂದು ಹೇಳಹೊರಟವನು, ಎದುರಿಗಿದ್ದ ಹಾಳೆಯನ್ನು ನೋಡಿ ಅದನ್ನು ಮಡಚತೊಡಗಿದ. ಮೇಸ್ತ್ರಿ ತನ್ನ ಪಾಡಿಗೆ ತನ್ನ ಕೆಲಸದ ಮಾತು ತೆಗೆದ. ಒಟ್ಟಿಗೆ ಬಿಚ್ಚಿದರೆ ಹತ್ತು ದಿನ ತಲೆಯ ಮೇಲೆ ಸೂರು ಇರುವುದಿಲ್ಲ. "ಹತ್ತು ದಿನದ ಮಾತು. ಅಣ್ಣತಮ್ಮಂದಿರು ಇದೇ ಊರಲ್ಲಿದ್ದಾರಲ್ಲ ಅಮ್ಮ, ಯಾರ ಮನೇಲಿ ಇರ್ತೀರಿ?"

ಅಣ್ಣ ತಮ್ಮನನ್ನು ನೋಡಿದ. ತಮ್ಮ ಅಣ್ಣನನ್ನು ನೋಡಿದ. ಪ್ರೂಫಮ್ಮ ನಾಚಿಕೆ ಬಿಟ್ಟು ಕಾದಳು, ಒಂದು ಪುಟ ಓದಿ ಮುಗಿಸುವಷ್ಟು ಹೊತ್ತು.

"ಒಟ್ಟಿಗೆ ಬಿಚ್ಚಬೇಡಿ," ಎಂದಳು ಮೇಸ್ತ್ರಿಗೆ. "ಒಂದು ಕಡೆಯಿಂದ ಬಿಚ್ಚಿಕೊಂಡು ಬನ್ನಿ. ಹಜಾರ ಬಿಚ್ಚಿದಾಗ ಸಮುದ್ರದ ಕೋಣೇಲಿ ಮಲಗ್ತೀನಿ. ಆ ಕೋಣೆ ಬಿಚ್ಚಿದಾಗ ಹಜಾರಕ್ಕೆ ಬರ್ತೀನಿ."

ಹಾಗೆ ಮಾಡಿದರೆ ನಾಲ್ಕು ದಿನ ಹೆಚ್ಚು ಹಿಡಿಯುತ್ತದೆ ಎಂದ ಮೇಸ್ತ್ರಿ. ಹಿಡಿಯಲಿ ಎಂದು ಅವಳು ಚಹಾದ ಲೋಟಗಳನ್ನು ಎತ್ತಿಕೊಂಡಳು.