ಬನ್ನಿ ಪಡೆದ ಪಾನಾ

ನಾನು ಒಂದು ಪಾನಾ. ನಟ್ಟು ಸಡಿಲಿಸುವುದು, ಬಿಗಿಯುವುದು ನನ್ನ ಕಸುಬು. ಮೈಸೂರು ಕಡೆಯವರು ನನ್ನನ್ನು ಸ್ಪ್ಯಾನರ್ ಅನ್ನುತ್ತಾರಂತೆ. ಗದಗ-ಬೆಟಗೇರಿಯಲ್ಲಿ ಹಾಗೆ ಕರೆದರೆ ನಾನು ಹೊರಳಿಯೂ ನೋಡುವುದಿಲ್ಲ.

ಹುಟ್ಟಿದ್ದು ಬೆಂಕಿಯಲ್ಲಿ. ಕೆಂಪಗೆ ಕಾದ ಸರಳನ್ನು ಅಚ್ಚಿನ ಮೇಲಿಟ್ಟು ಬಡಿದರು. ಪೆಟ್ಟಿನ ಉರಿ ಆರುವ ಮೊದಲೇ ಎಣ್ಣೆಯಲ್ಲಿ ಅದ್ದಿದರು, ಚುಂಯ್ ಅಂದೆ. ನಾನು ಆಡಿದ ಮೊದಲ ಮಾತೂ ಅದೇ, ಕೊನೆಯ ಮಾತೂ ಅದೇ. ಒಂದು ತುದಿಗೆ ಹತ್ತು, ಇನ್ನೊಂದು ತುದಿಗೆ ಹನ್ನೊಂದು ಎಂದು ಅಂಕಿ ಒತ್ತಿದರು. ಲೋಕದಲ್ಲಿರುವ ಅಷ್ಟೂ ನಟ್ಟುಗಳ ಪೈಕಿ ಎರಡು ಅಳತೆ ಮಾತ್ರ ನನ್ನ ಪಾಲಿಗೆ ಬಂತು. ಕೊಡುವವನು ಲೆಕ್ಕ ನೋಡಿಯೇ ಕೊಡುತ್ತಾನೆಂದು ಸುಮ್ಮನಾದೆ.

ಮೊದಲು ನನ್ನನ್ನು ಹಿಡಿದದ್ದು ಬೆಟಗೇರಿಯ ಮೌಲಾಸಾಬರ ಕೈ. ಅವರ ಗ್ಯಾರೇಜೆಂದರೆ ಬೇವಿನ ಮರದ ನೆರಳು ಮತ್ತು ಒಂದು ತಗಡಿನ ಚಪ್ಪರ. ಬೆಳಗಿನ ಮೊದಲ ನಟ್ಟಿಗೆ ನನ್ನನ್ನು ಹಚ್ಚುವಾಗ ಅವರು ಮೆಲ್ಲಗೆ 'ಬಿಸ್ಮಿಲ್ಲಾ' ಅನ್ನುತ್ತಿದ್ದರು. ದಸರೆಯ ಹಿಂದಿನ ದಿನ, ಆಯುಧಗಳಿಗೆ ಖಂಡೇ ಪೂಜೆಯಾಗುವಾಗ, ಅದೇ ಕೈಯಿಂದ ನಮಗೆಲ್ಲ ಚೆಂಡು ಹೂವು ಏರಿಸುತ್ತಿದ್ದರು. ಎರಡೂ ನನಗೆ ತಂಪಾಗಿಯೇ ಇರುತ್ತಿದ್ದವು.

ಆ ಗ್ಯಾರೇಜಿಗೆ ಹಳೆಯ ಬಿಳಿ ಕಾರೊಂದು ಬಾರಿ ಬಾರಿಗೂ ಬರುತ್ತಿತ್ತು. ಅದರ ಯಜಮಾನರು ಚನ್ನವೀರಪ್ಪ, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದು ನಿವೃತ್ತರಾದವರು. ಒಮ್ಮೆ ಹಾರ್ನ್ ಕೂಗುತ್ತಿಲ್ಲ ಎಂದು ಬರುವರು, ಇನ್ನೊಮ್ಮೆ ವೈಪರಿನ ರಬ್ಬರು ಕಿರುಗುಟ್ಟುತ್ತದೆ ಎಂದು.

"ಮಾಸ್ತರ, ಇದು ಜಡ್ಡಲ್ರೀ, ನೆಗಡಿ," ಎಂದರು ಒಂದು ದಿನ ಮೌಲಾಸಾಬರು. "ನೆಗಡಿಗೆಲ್ಲ ದವಾಖಾನಿಗೆ ಬಂದ್ರ ಹೆಂಗ? ಈ ಪಾನಾ ಒಯ್ರಿ. ಮನಿಯೊಳಗ ನೀವಽ ನೋಡ್ಕೋರಿ."

"ಮತ್ತ ಏನರ ಕೆಡಿಸಿದ್ರ?"

"ಕೆಡಸ್ರಿ. ಆವಾಗ ಬರ್ರಿ. ಖರೇ ಜಡ್ಡು ಬಂದಂಗಾಗ್ತದ."

ಹೀಗೆ ನಾನು ಮಾಸ್ತರರ ಮನೆ ಸೇರಿದೆ. ಅವರ ಬೆರಳುಗಳು ಕುಂಚ ಹಿಡಿದು ಮೆತ್ತಗಾಗಿದ್ದವು. ಮೊದಲ ವಾರವೇ ನನ್ನನ್ನು ಇಂಜಿನಿನ ಸಂದಿಯಲ್ಲಿ ಬೀಳಿಸಿ, ಮನೆಯೆಲ್ಲ ಹುಡುಕಿದರು. ನಾನು ಅಲ್ಲೇ ಕಂಬಿಯೊಂದರ ಮೇಲೆ ಕುಳಿತು ಹುಲಕೋಟಿಯ ತನಕ ಹೋಗಿ ಬಂದೆ. ಸಂಜೆ ಸಿಕ್ಕಾಗ ಅವರ ಹೆಂಡತಿ ನೀಲವ್ವ ನಕ್ಕಳು. "ಅದಕ್ಕೂ ಊರು ನೋಡೂ ಆಸೆ ಇರ್ತದ ಬಿಡ್ರಿ."

ಬರುಬರುತ್ತ ಮಾಸ್ತರರ ಕೈ ಕುದುರಿತು. ಏರ್ ಫಿಲ್ಟರ್ ಬಿಚ್ಚಿ ಕಟ್ಟೆಗೆ ತಟ್ಟಿ ಧೂಳು ಉದುರಿಸುವುದು, ರೇಡಿಯೇಟರಿಗೆ ನೀರು ಹಾಕುವುದು, ಇಂಜಿನ್ ಎಣ್ಣೆಯ ಕಡ್ಡಿಯನ್ನು ಎಳೆದು ಒರೆಸಿ ನೋಡುವುದು. ರವಿವಾರದ ಮುಂಜಾನೆ ಇವೆಲ್ಲ ನಡೆದಾಗ ನೀಲವ್ವ ಹೊಸ್ತಿಲ ಮೇಲೆ ಕುಳಿತು ಬತ್ತಿ ಹೊಸೆಯುತ್ತಿದ್ದಳು. ದೇವರ ಕೋಣೆಯ ಕೆಲಸವೂ ಕಾರಿನ ಕೆಲಸವೂ ಒಂದೇ ಬಿಸಿಲಿನಲ್ಲಿ ಸಾಗುತ್ತಿದ್ದವು.

ನೀಲವ್ವನಿಗೆ ಕಾಶವ್ವನೆಂಬ ತಂಗಿ. ಹಿರೇಕೊಪ್ಪಕ್ಕೆ ಕೊಟ್ಟಿದ್ದರು. ಕಾಶವ್ವನ ಮಗಳ ಮದುವೆಯ ಊಟದಲ್ಲಿ ನೀಲವ್ವ ಬಾಯಿ ತಪ್ಪಿ, "ಹೋಳಿಗಿ ಚರ್ಮ ಆಗ್ಯಾವ," ಎಂದುಬಿಟ್ಟಿದ್ದಳು. ಬೀಗರ ಎದುರಿಗೆ. ಅಂದಿನಿಂದ ಅಕ್ಕತಂಗಿಯರ ನಡುವೆ ಮಾತಿಲ್ಲ. ಆಮೇಲೆ ಕಾಶವ್ವನ ಮೊಮ್ಮಗನ ತೊಟ್ಟಿಲಿಗೆ ಕರೆ ಬಂದಾಗ ನೀಲವ್ವ, 'ಗಾಡಿ ಕೆಟ್ಟದ' ಎಂದು ಹೇಳಿಕಳಿಸಿ ಹೋಗದೆ ಉಳಿದಳು. ಗಾಡಿ ಆ ದಿನ ಬಾಗಿಲಲ್ಲಿ ಗಟ್ಟಿಮುಟ್ಟಾಗಿ ನಿಂತಿತ್ತು.

ಆ ವರ್ಷ ದಸರೆಗೆ ನಾಲ್ಕು ದಿನ ಮೊದಲು ಫೋನ್ ಬಂತು. ಕಾಶವ್ವನೇ ಮಾತಾಡಿದಳು.

"ಅಕ್ಕಾ, ಬನ್ನಿ ಕೊಟ್ಟು ಕಾಲಿಗೆ ಬೀಳಾಕ ನಾನಽ ಬರಬೇಕಾಗಿತ್ತು. ಬಚ್ಚಲದಾಗ ಜಾರಿ ಕಾಲು ಮುರಕೊಂಡು ಕುಂತೀನಿ. ನೀ ಬರ್ತಿ ಏನು?"

"ಬರ್ತೀನಿ," ಎಂದಳು ನೀಲವ್ವ.

ಖಂಡೇ ಪೂಜೆಯ ಬೆಳಿಗ್ಗೆ ಮಾಸ್ತರರು ಕಾರಿನ ಬ್ಯಾಟರಿಯ ತಂತಿಗಳನ್ನು ನನ್ನಿಂದ ಬಿಚ್ಚಿಸಿದರು. ಅಲ್ಲಿ ಬೆಳೆದಿದ್ದ ಬಿಳಿ ಬೂಜನ್ನು ಸೋಡಾ ಹಾಕಿದ ಬಿಸಿನೀರಿನಿಂದ ತೊಳೆದರು. ಸೀಸದ ಎರಡು ಗೂಟಗಳು ಹೊಳೆಯತೊಡಗಿದವು. ನೀಲವ್ವ ಬಂದು ನೋಡಿದಳು.

"ಅಯ್ಯ, ಥೇಟ್ ಲಿಂಗದಂಗ ಕಾಣ್ತಾವಲ್ರೀ!"

ಅವರು ಬೇಡವೆನ್ನುವುದರೊಳಗೆ ಎರಡಕ್ಕೂ ದಪ್ಪಗೆ ವಿಭೂತಿ ಬಳಿದು, ಮೇಲೆ ಗಂಧ ಮೆತ್ತಿ ಕೈಮುಗಿದಳು. ಮುಗಿದ ಕೈಯನ್ನು ಕಂಡ ಮೇಲೆ ಒರೆಸುವ ಧೈರ್ಯ ಮಾಸ್ತರರಿಗೆ ಬರಲಿಲ್ಲ. ಅದರ ಮೇಲೆಯೇ ತಂತಿ ಕೂಡಿಸಿ ನನ್ನಿಂದ ಬಿಗಿದರು. ಲೋಹಕ್ಕೆ ಲೋಹ ತಾಗದಿರುವುದು ನನಗೆ ಗೊತ್ತಾಯಿತು. ಹೇಳಲು ಬಾಯಿಲ್ಲ. ಗಂಧ ಹಸಿಯಿದ್ದಾಗ ಕಾರು ಹೇಗೋ ಚಾಲೂ ಆಗಿ, ನಿಂಬೆಹಣ್ಣುಗಳ ಮೇಲೆ ಹಾದು ನಿಂತಿತು. ನನ್ನನ್ನು ತೊಳೆದು, ಜಾಕು, ಪಂಪು, ಸುತ್ತಿಗೆ, ನೀಲವ್ವನ ಈಳಿಗೆ, ಎಲ್ಲವುಗಳ ಜೊತೆ ಪಡಸಾಲೆಯ ಮಣೆಯ ಮೇಲೆ ಪೂಜೆಗೆ ಕೂಡಿಸಿದರು. ಮರುದಿನ ದಸರೆಗೆ ಬಂಗಾರವೆಂದು ಬನ್ನಿ ಎಲೆ ಕೊಟ್ಟು ತಗೊಂಡು ಆದ ಮೇಲೆಯೇ ನಮ್ಮನ್ನು ಎತ್ತಬೇಕು. ಅಲ್ಲಿಯ ತನಕ ಮುಟ್ಟುವಂತಿಲ್ಲ. ನೀಲವ್ವನ ಅತ್ತೆಯ ಅತ್ತೆಯ ಕಾಲದಿಂದ ಅದು ಆ ಮನೆಯ ಪದ್ಧತಿ.

ಮರುದಿನ ಇಳಿಹೊತ್ತಿಗೆ ನೀಲವ್ವ ಇಳಕಲ್ ಸೀರೆ ಉಟ್ಟು, ಮೊದಲನೇ ಬನ್ನಿ ತಂಗಿಗೇ ಎಂದು ಇನ್ನೂ ಯಾರಿಗೂ ಕೊಡದೆ, ಎಲೆಗಳನ್ನು ಅದರ ಪದರಿನಲ್ಲಿ ಕಟ್ಟಿಕೊಂಡು ಕಾರಿನಲ್ಲಿ ಕುಳಿತಳು. ಮಾಸ್ತರರು ಕೀಲಿ ತಿರುವಿದರು. ಟಕ್ ಎಂದಿತು, ಅಷ್ಟೇ. ಓಣಿಯ ಮಂದಿ ಹೊಸ ಬಟ್ಟೆಯಲ್ಲೇ ಕಾರನ್ನು ಕೊನೆಯ ತನಕ ದಬ್ಬಿ, ಮತ್ತೆ ಬಾಗಿಲಿಗೆ ತಂದು ನಿಲ್ಲಿಸಿದರು. ಏನೂ ಆಗಲಿಲ್ಲ.

ಮಾಸ್ತರರು ಬಾನೆಟ್ ಎತ್ತಿ ನೋಡಿ ನಿಟ್ಟುಸಿರಿಟ್ಟರು. "ಗಂಧ ಒಣಗಿ ಗಚ್ಚು ಆಗ್ಯದ. ಕರೆಂಟು ಹಾಯಾಕ ದಾರೀನಽ ಇಲ್ಲ. ಬಿಚ್ಚಿ ಒರಸಬೇಕು."

"ಮತ್ತ ಬಿಚ್ರಿ."

"ಯಾತರಲೆ ಬಿಚ್ಚಲಿ? ಪಾನಾ ಪೂಜಾಕ್ಕ ಕುಂತದ."

ಓಣಿಯ ತುಂಬ ಪಾನಾಗಳಿದ್ದವು. ಎಲ್ಲವೂ ಪೂಜೆಗೆ ಕುಳಿತಿದ್ದವು. ಮೌಲಾಸಾಬರು ಗ್ಯಾರೇಜಿಗೆ ಹಾರ ಹಾಕಿ, ಕೀಲಿ ಜಡಿದು ಮಗಳ ಊರಿಗೆ ಹೋಗಿದ್ದರು. ಹಿರೇಕೊಪ್ಪದ ಸಂಜೆಯ ಬಸ್ಸು ಹಬ್ಬಕ್ಕೆಂದು ಡಿಪೋ ಬಿಟ್ಟಿರಲಿಲ್ಲ.

"ಫೋನ್ ಮಾಡಿ ನಾಳೆ ಬರ್ತೀವಿ ಅನ್ನು. ಗಾಡಿ ಕೆಟ್ಟದ ಅಂತ—"

"ಹೇಳಬ್ಯಾಡ್ರಿ ಆ ಮಾತು!" ನೀಲವ್ವನ ದನಿ ಒಡೆಯಿತು. "ಆವತ್ತು ಸುಳ್ಳು ಹೇಳೀನಿ. ಇವತ್ತು ಖರೇ ಹೇಳಿದ್ರ ಯಾರು ನಂಬ್ತಾರ? ಕಾಲು ಮುರಕೊಂಡು ದಾರಿ ನೋಡಾಕತ್ಯಾಳ್ರೀ ಆಕಿ. ಇವತ್ತು ತಪ್ಪಿದ್ರ ಮತ್ತ ಕರಿಯೂದಿಲ್ಲ."

ಅವಳು ಒಳಗೆ ಬಂದು ಮಣೆಯ ಮುಂದೆ ನಿಂತಳು. ಬನ್ನಿ ಕೊಡದೆ ನನ್ನನ್ನು ಎತ್ತುವಂತಿಲ್ಲ. ನನ್ನನ್ನು ಎತ್ತದೆ ಬನ್ನಿ ಕೊಡಲು ಹೋಗುವಂತಿಲ್ಲ. ನಂದಾದೀಪ ಮಿಣಮಿಣ ಅನ್ನುತ್ತಿತ್ತು. ಆಮೇಲೆ ಮೆಲ್ಲಗೆ ಕುಳಿತು, ಪದರಿನ ಗಂಟು ಬಿಚ್ಚಿ, ಎಲೆಯೊಂದನ್ನು ತೆಗೆದು ನನ್ನ ಮೇಲಿಟ್ಟಳು.

"ಬನ್ನಿ ತಗೋಪಾ. ಬಂಗಾರದಂಗ ಇರೋಣು," ಎಂದಳು. ಹಣೆಯನ್ನು ಮಣೆಗೆ ಮುಟ್ಟಿಸಿದಳು.

ಬಾಗಿಲಲ್ಲಿದ್ದ ಮಾಸ್ತರರು, "ಕಬ್ಬಿಣಕ್ಕ ಬನ್ನಿ ಕೊಟ್ಟಿ?" ಎಂದರು.

"ಯಾಕ, ವರ್ಷಗಟ್ಲೆ ದುಡದಿಲ್ಲೇನು ಅದು? ಮೊದಲನೇ ಬನ್ನಿ ಅದರದು. ಈಗ ಪದ್ಧತಿ ತಪ್ಪಲಿಲ್ಲ. ನಡೀರಿ."

"ನೀನಽ ಬಳದದ್ದು. ನೀನಽ ಬಿಚ್ಚು," ಎಂದರು ಮಾಸ್ತರರು. ಕೊಂಕಿರಲಿಲ್ಲ ಆ ಮಾತಿನಲ್ಲಿ, ಒಂದು ಬಗೆಯ ಗೌರವವಿತ್ತು. ಕಪ್ಪು ತಂತಿ ಮೊದಲು, ಆಮೇಲೆ ಕೆಂಪು ತಂತಿ ಎಂದು ಅವರು ತೋರಿಸುತ್ತ ಹೋದರು. ನೀಲವ್ವನ ಬಳೆಗಳ ಸದ್ದಿನೊಳಗೆ ನಾನು ತಿರುಗಿದೆ. ಒಣಗಿದ ಗಂಧ ಹಕ್ಕಳೆಯಾಗಿ ಉದುರಿತು. ಮರಳು ಕಾಗದದಿಂದ ತಿಕ್ಕಿ, ಮತ್ತೆ ಕೂಡಿಸಿ ಬಿಗಿದಾಗ ಲೋಹ ಲೋಹವನ್ನು ಮುಟ್ಟಿತು. ಆ ಮುಟ್ಟುವಿಕೆಯ ಸುಖವನ್ನು ನಾನು ಹೇಗೆ ಹೇಳಲಿ! ಕೀಲಿ ತಿರುವಿದೊಡನೆ ಕಾರು ಗುರ್ ಎಂದಿತು. ನೀಲವ್ವ ಸ್ಟೇರಿಂಗಿಗೆ ನಮಸ್ಕಾರ ಮಾಡಿ, ನನ್ನನ್ನು ಇಡುವುದನ್ನೇ ಮರೆತು ಕೈಯಲ್ಲಿ ಹಿಡಿದುಕೊಂಡೇ ಕುಳಿತಳು.

ಹಿರೇಕೊಪ್ಪದಲ್ಲಿ ದೀಪ ಹಚ್ಚಿದ್ದರು. ಕಾಶವ್ವ ಬಿಳಿ ಪಟ್ಟಿಯ ಕಾಲು ಚಾಚಿಕೊಂಡು ಪಡಸಾಲೆಯ ಮಂಚದಲ್ಲಿದ್ದಳು. ಅವಳು ಮೊದಲು ನೋಡಿದ್ದು ಅಕ್ಕನ ಮುಖವನ್ನಲ್ಲ, ಕೈಯನ್ನು.

"ಇದೇನಕ್ಕಾ, ಕೈಯೆಲ್ಲ ಮಸಿ?"

"ಗಾಡಿ ಕೆಟ್ಟಿತ್ತು."

ಕಾಶವ್ವನ ತುಟಿಯ ಅಂಚು ಕೊಂಕಿತು. "ಈ ಸಲ ಖರೇನೋ, ಆವತ್ತಿನಂಗೋ?"

ನೀಲವ್ವ ನನ್ನನ್ನು ಎತ್ತಿ ಹಿಡಿದಳು. "ಸಾಕ್ಷಿ ತಂದೀನಿ, ನೋಡಽ."

ಕಾಶವ್ವ ನಕ್ಕ ನಗೆಗೆ ಮಂಚ ಕಿರುಗುಟ್ಟಿತು. ನಗುತ್ತ ನಗುತ್ತ ಅತ್ತಳು. ನೀಲವ್ವ ಮಸಿಯ ಕೈಯಿಂದಲೇ ಅವಳ ಕಣ್ಣೊರೆಸಿದಳು. ಬನ್ನಿ ಕೊಟ್ಟರು, ತಗೊಂಡರು. ಊಟಕ್ಕೆ ಹೋಳಿಗೆ ಬಂತು. ನೀಲವ್ವ ಒಂದೂ ಮಾತಾಡದೆ ಮೂರು ತಿಂದಳು.

ಆ ಗಡಿಬಿಡಿಯಲ್ಲಿ ನಾನು ಕಾಶವ್ವನ ಮನೆಯ ಗೋಡೆಗೂಡಿನಲ್ಲಿ ಉಳಿದುಬಿಟ್ಟೆ. ಮರುದಿನ ಅವಳೇ ಫೋನ್ ಮಾಡಿದಳು. "ನಿನ್ನ ಪಾನಾ ಇಲ್ಲೇ ಉಳದದ. ಒಯ್ಯಾಕ ಬಾ." ನೀಲವ್ವ ಬಂದಳು, ಚಹಾ ಕುಡಿದಳು, ಹೊತ್ತು ಮುಳುಗುವ ತನಕ ಹರಟಿದಳು, ನನ್ನನ್ನು ಮರೆತು ಹೋದಳು. ಮುಂದಿನ ತಿಂಗಳೂ ಹಾಗೆಯೇ ಆಯಿತು.

ಈಗ ನನಗೆ ವಯಸ್ಸಾಗಿದೆ. ಹತ್ತರ ಬಾಯಿ ಎಂದೋ ಸವೆದಿದೆ, ನಟ್ಟಿಗೆ ಹಚ್ಚಿದರೆ ಜಾರೀತು. ಮಾಸ್ತರರು ಹೊಸ ಪಾನಾ ತಂದು, ಬಹಳ ವರ್ಷ ದುಡಿಸಿ, ಕಣ್ಣು ಮಂಜಾದ ಮೇಲೆ ಕಾರನ್ನೇ ಮಾರಿದರು. ನನಗೆ ಚಿಂತೆಯಿಲ್ಲ. ಎರಡು ಅಳತೆಯಷ್ಟೇ ಕೊಟ್ಟು ಕಳಿಸಿದವನು ಇಷ್ಟು ಕೆಲಸ ನನ್ನಿಂದ ಮಾಡಿಸಿದ್ದಾನೆ. ಗೂಡಿನಲ್ಲಿ ಬೆಳಗಿನ ಬಿಸಿಲು ಬರುತ್ತದೆ. ಪಕ್ಕದಲ್ಲಿ ಕುಂಕುಮದ ಭರಣಿಯಿದೆ.

ನೀಲವ್ವ ಈಗ ಬಸ್ಸಿನಲ್ಲಿ ಬರುತ್ತಾಳೆ. ಬಿಚ್ಚಲು ಬ್ಯಾಟರಿಯಿಲ್ಲ, ನಿಲ್ಲಿಸಲು ಕಾರಿಲ್ಲ. ಆದರೂ ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ, "ಪಾನಾ ಒಯ್ಯಾಕ ಬಂದೆ ನೋಡವಾ," ಅನ್ನುತ್ತಾಳೆ. "ಒಯ್ಯುವಂತಿ, ಮೊದಲು ಕುಂಡ್ರು," ಅನ್ನುತ್ತಾಳೆ ಕಾಶವ್ವ. ಸಂಜೆ ಬಸ್ಸಿನ ಹಾರ್ನ್ ಕೇಳಿದಾಗ ಇಬ್ಬರೂ ಎದ್ದು ಬಾಗಿಲಿಗೆ ಹೊರಡುತ್ತಾರೆ. ಗೂಡಿನ ಮುಂದೆಯೇ ಹಾದು ಹೋಗುತ್ತಾರೆ. ಇಬ್ಬರಲ್ಲಿ ಒಬ್ಬರೂ ನನ್ನ ಕಡೆ ನೋಡುವುದಿಲ್ಲ.