ಮನೇಲಿಲ್ವಂತೆ

ಪದ್ಮಿನಿ ಅಕ್ಕನಿಗೆ ಲೇಡಿಯಾಗುವ ಹುಚ್ಚು ಹಿಡಿದದ್ದಕ್ಕೆ ದಯವಿಟ್ಟು ನನ್ನನ್ನು ಯಾರೂ ದೂರಬೇಡಿ. ನಾನು ಸ್ಟಾಕ್‌ಹೋಮ್‌ನಲ್ಲಿ ಪಿಎಚ್‌ಡಿ ಮಾಡಿಕೊಂಡಿರುವ ಬಡಪಾಯಿ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇಂಗ್ಲೆಂಡಿನ ದೊಡ್ಡ ಮನೆತನದ ಹೆಂಗಸರು ಹೊತ್ತು ಹೇಗೆ ಕಳೆಯುತ್ತಿದ್ದರು ಎಂಬುದು ನನ್ನ ವಿಷಯ. "ಅದನ್ನ ತಿಳ್ಕೊಳ್ಳೋಕೆ ಸ್ವೀಡನ್ನಿಗೆ ಹೋಗ್ಬೇಕಿತ್ತೇನೇ ಅಪೂರ್ವಾ? ನಿಮ್ಮ ದೊಡ್ಡಮ್ಮನ ಮನೇಲಿ ನಾಲ್ಕು ದಿನ ಇದ್ದಿದ್ರೆ ಆಗ್ತಿತ್ತಲ್ಲ" ಎಂದು ನನ್ನ ಅಮ್ಮ ಫೋನಿನಲ್ಲಿ ಕೇಳುತ್ತಲೇ ಇರುತ್ತಾಳೆ. ಅಮ್ಮನ ಮಾತಿನಲ್ಲಿ ತಥ್ಯವಿಲ್ಲ ಎನ್ನಲಾರೆ.

ಇಲ್ಲಿನ ನಮ್ಮ ಕನ್ನಡದ ಹೆಂಗಸರ ಬಳಗಕ್ಕೆ ಪದ್ಮಿನಿ ಅಕ್ಕನೇ ಯಜಮಾನಿ. ವಾಟ್ಸಾಪ್ ಗುಂಪಿಗೆ ಯಾರನ್ನು ಸೇರಿಸಬೇಕು, ಯಾರನ್ನು ತೆಗೆಯಬೇಕು ಎನ್ನುವುದು ಅವರ ಹೆಬ್ಬೆರಳಿಗೆ ಸೇರಿದ ಅಧಿಕಾರ. ಒಂದು ಶನಿವಾರ ಫಿಕಾಗೆಂದು ಸೇರಿ ಕಾಫಿ ಕುಡಿಯುತ್ತಿದ್ದಾಗ ಅವರು, "ಅಲ್ಲ, ನೀನು ಅದೇನು ಓದ್ತಿದೀಯೋ ಇವತ್ತಾದ್ರೂ ಹೇಳು ಮಾರಾಯ್ತಿ" ಎಂದರು. ನನ್ನ ಓದಿನ ಬಗ್ಗೆ ಯಾರಾದರೂ ಕೇಳಿ ವರ್ಷಗಳಾಗಿದ್ದವು. ನಾನು ಬಾಯಿ ಬಿಟ್ಟೆ, ಅದೇ ತಪ್ಪಾಯಿತು.

ಕೈಗವಸು, ಪಿಯಾನೋ, ಕಸೂತಿ, ಜರಿಗಿಡದ ಎಲೆಗಳನ್ನು ಆಯ್ದು ಒಣಗಿಸಿ ಆಲ್ಬಮ್ಮಿಗೆ ಅಂಟಿಸುವ ಗೀಳು, ಎಲ್ಲ ಹೇಳಿದೆ. ಪ್ರತಿ ಲೇಡಿಗೂ 'ಅಟ್ ಹೋಮ್' ಎಂಬ ಒಂದು ದಿನವಿತ್ತು, ಆ ದಿನ ಪರಿಚಯವಿದ್ದವರು ಕರೆಯದೆಯೇ ಬರಬಹುದಿತ್ತು, ಬಂದವರು ಕಾಲು ಗಂಟೆ ಕೂತು, ಹವಾಮಾನ ಮಾತಾಡಿ ಎದ್ದುಬಿಡಬೇಕಿತ್ತು ಎಂದೆ. ಉಳಿದ ದಿನ ಬೇಡದವರು ಬಂದರೆ ಬಾಗಿಲ ಆಳು, 'ಮೇಡಂ ಮನೆಯಲ್ಲಿಲ್ಲ' ಅನ್ನುತ್ತಿದ್ದ. ಮೇಡಂ ಮಹಡಿಯ ಮೇಲೆ ಇರುವುದು ಇಬ್ಬರಿಗೂ ಗೊತ್ತಿದ್ದರೂ ಯಾರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

"ಅಯ್ಯೋ, ಅದು ಸುಳ್ಳಲ್ವಾ?" ಎಂದಳು ಬ್ಯಾಂಕಿನಲ್ಲಿ ಕೆಲಸ ಮಾಡುವ ಅದಿತಿ.

"ಸುಳ್ಳಲ್ಲ ಕಣೇ, ಎಟಿಕೆಟ್ಟು" ಎಂದರು ಪದ್ಮಿನಿ ಅಕ್ಕ. ಅವರ ಕಣ್ಣು ಹೊಳೆಯುತ್ತಿತ್ತು.

ಮರುವಾರವೇ ಗುಂಪಿನಲ್ಲಿ ಗುಲಾಬಿ ಬಳ್ಳಿಯ ಅಂಚಿನ ಕಾರ್ಡು ಬಂತು. 'ಲೇಡಿ ಪದ್ಮಿನಿ ರಾಮದಾಸ್, ಅಟ್ ಹೋಮ್, ಏಪ್ರಿಲ್ ಮೊದಲ ಶನಿವಾರ.' ಕೆಳಗೆ, ಗೌನ್ ಕಡ್ಡಾಯ, ಮಕ್ಕಳನ್ನು ಗಂಡಂದಿರ ಬಳಿ ಬಿಟ್ಟು ಬನ್ನಿ ಎಂದಿತ್ತು. ವಾರವಿಡೀ ಲ್ಯಾಪ್‌ಟಾಪ್ ಕುಟ್ಟಿ, ಡಾಗಿಸ್ ಎಂಬ ಶಿಶುವಿಹಾರದಿಂದ ಮಗುವನ್ನು ಕರೆತಂದು, ತಮ್ಮ ಬಚ್ಚಲನ್ನು ತಾವೇ ಉಜ್ಜುವ ನಮ್ಮ ಹೆಂಗಸರೆಲ್ಲ ಬಿಡುವೇ ಬದುಕಾದ ಲೇಡಿಯರಾಗಲು ಬಿಡುವಿಲ್ಲದೆ ಓಡಾಡತೊಡಗಿದರು. ಅದಿತಿ ಸೊಂಟ ಬಿಗಿಯುವ ಕಾರ್ಸೆಟ್ ತರಿಸಿದಳು. ಇನ್ನೊಬ್ಬರು ಅರ್ಧ ಮುಗಿದ ಕಸೂತಿಯನ್ನೇ ಅಂಗಡಿಯಿಂದ ಕೊಂಡರು.

ನೀರಜಾಗೆ ಮಾತ್ರ ಕಾರ್ಡು ಬರಲಿಲ್ಲ.

ನೀರಜಾ ಮೊದಲು ಈ ಬಳಗದವಳೇ. ಅವಳೂ ಗಂಡ ಜೀವನನೂ ಕಳೆದ ಶರತ್ಕಾಲದಲ್ಲಿ ಬೇರೆಯಾದರು, ಅವನು ಕೆಲಸ ಹಿಡಿದು ಉತ್ತರದ ಲುಲೆಯೊ ಊರಿಗೆ ಹೋದ, ಇವಳು ಇಲ್ಲೇ ಡಾಗಿಸ್ ಒಂದರಲ್ಲಿ ಸಹಾಯಕಿಯಾಗಿ ಉಳಿದಳು. ಜೀವನ್ ಇವತ್ತಿಗೂ ಗಂಡಸರ ಗುಂಪಿನಲ್ಲಿ ಕ್ರಿಕೆಟ್ ಮಾತಾಡಿಕೊಂಡು ಆರಾಮಾಗಿದ್ದಾನೆ. ನೀರಜಾ ಹೆಸರು ಮಾತ್ರ ಹೆಂಗಸರ ಗುಂಪಿನಿಂದ ಮಾಯವಾಯಿತು. ಯಾರೂ ಅವಳ ಬಗ್ಗೆ ಕೆಟ್ಟದ್ದು ಆಡಲಿಲ್ಲ. "ಪಾಪ, ಅವಳಿಗೂ ಸ್ವಲ್ಪ ಸ್ಪೇಸ್ ಬೇಕಲ್ವಾ" ಎಂದರು ಅಷ್ಟೇ. ಎಷ್ಟು ಸ್ಪೇಸ್ ಕೊಟ್ಟರೆಂದರೆ ಇಡೀ ಚಳಿಗಾಲ ಅವಳ ಬಾಗಿಲು ತಟ್ಟಿದವಳು ನಾನೊಬ್ಬಳೇ.

ನನ್ನಿಂದ ಅವಳಿಗೆ ತೃಪ್ತಿಯಿರಲಿಲ್ಲ, ಅದರಲ್ಲಿ ಬೇಜಾರೇನಿಲ್ಲ. ಅವಳಿಗೆ ಬೇಕಾಗಿದ್ದದ್ದು ಪದ್ಮಿನಿ ಅಕ್ಕ. ಅವಳು ಈ ದೇಶಕ್ಕೆ ಬಂದ ದಿನ ವಿಮಾನ ನಿಲ್ದಾಣಕ್ಕೆ ಬಂದು ಕೋಟು ಹೊದಿಸಿದವರು, ಬಿಸಿ ಸಾರನ್ನ ಬಡಿಸಿದವರು, ಪರ್ಸೊನ್‌ನುಮ್ಮರ್ ಎಂಬ ಗುರುತಿನ ಸಂಖ್ಯೆ ಇಲ್ಲದೆ ಇಲ್ಲಿ ಮನುಷ್ಯರಿಗೆ ಲೆಕ್ಕವಿಲ್ಲ ಎಂದು ಕಚೇರಿಗೆ ಎಳೆದುಕೊಂಡು ಹೋದವರು, ಗರ್ಭ ನಿಲ್ಲದೆ ಹೋದಾಗ ವಾರಗಟ್ಟಲೆ ಪಕ್ಕದಲ್ಲಿ ಮಲಗಿದವರು ಅವರೇ.

"ಅಕ್ಕ ಒಂದ್ಸಲ ಮಾತಾಡಿಸಿಬಿಟ್ರೆ ಸಾಕು ಕಣೇ, ಬೇರೆ ಯಾರೂ ಬೇಡ" ಎಂದಳು ನೀರಜಾ, ನಾನು ಕಾರ್ಡಿನ ಸುದ್ದಿ ಹೇಳಿದಾಗ.

"ಮತ್ತೆ ಬಾ! ಕಾರ್ಡಲ್ಲಿ ಅಟ್ ಹೋಮ್ ಅಂತ ಹಾಕ್ಕೊಂಡಿದ್ದಾರೆ. ಅವತ್ತು ಪರಿಚಯ ಇರೋರು ಯಾರು ಬೇಕಾದ್ರೂ ಬರಬಹುದು, ಅದೇ ರೂಲ್ಸು."

"ಬಾಗಿಲಲ್ಲೇ ನಿಲ್ಲಿಸಿಬಿಟ್ರೆ?"

"ನಿನ್ನ ಮುಖ ನೋಡಿ ಬರಬೇಡ ಅನ್ನೋಷ್ಟು ಗಟ್ಟಿ ಎದೆ ಅವರಿಗಿಲ್ಲ" ಎಂದೆ. ಅದೇನೋ ನಿಜವೇ. ಆದರೆ ಮುಖ ನೋಡುವ ಅಗತ್ಯವೇ ಬೀಳದ ಏರ್ಪಾಡನ್ನು ವಿಕ್ಟೋರಿಯಾ ಕಾಲದವರು ಮಾಡಿಟ್ಟು ಹೋಗಿದ್ದರಲ್ಲ.

ಶನಿವಾರ ಪದ್ಮಿನಿ ಅಕ್ಕನ ಫ್ಲಾಟಿನ ಬಾಗಿಲು ತೆರೆದವರು ಅವರ ಯಜಮಾನರು, ರಾಮದಾಸ್ ಭಾವ. ಟೆಲಿಕಾಂ ಕಂಪನಿಯಲ್ಲಿ ಐವತ್ತು ಜನರ ಮೇಲಧಿಕಾರಿ, ಅವತ್ತು ಬಾಡಿಗೆಯ ಕಪ್ಪು ಕೋಟು, ಬಿಳಿ ಕೈಗವಸು ಹಾಕಿಕೊಂಡು ಬಟ್ಲರ್ ಆಗಿದ್ದರು. ಕೈಯಲ್ಲಿ ಪೂಜೆಯ ಬೆಳ್ಳಿ ತಟ್ಟೆ. "ವಿಸಿಟಿಂಗ್ ಕಾರ್ಡ್ ಇದ್ರೆ ಇದರಲ್ಲಿ ಹಾಕ್ಬೇಕಂತೆ ಕಣಮ್ಮ" ಎಂದರು. ಮಂಗಳಾರತಿ ತಟ್ಟೆಗೆ ಕಾಸು ಹಾಕಿದ ಹಾಗೆ ನನ್ನ ಕಾರ್ಡು ಹಾಕಿದೆ.

ಒಳಗೆ ನೋಡಬೇಕಿತ್ತು ವೈಭವ! ಇಲ್ಲಿ ಯಾರ ಮನೆಗೆ ಹೋದರೂ ಚಪ್ಪಲಿ ಬೂಟು ಬಾಗಿಲಲ್ಲೇ ಬಿಡಬೇಕು. ಹಾಗಾಗಿ ಮೇಲೆ ಮಖಮಲ್ಲು, ರಿಬ್ಬನ್ನು, ಗರಿಯ ಟೊಪ್ಪಿ. ಕೆಳಗೆ ಉಣ್ಣೆಯ ಕಾಲುಚೀಲ. ಸೌತೆಕಾಯಿ ಸ್ಯಾಂಡ್‌ವಿಚ್ ಸಪ್ಪೆಯಾಯಿತೆಂದು ನಡುವೆ ಪುದೀನಾ ಚಟ್ನಿ ಮೆತ್ತಿದ್ದರು, ಎಲ್ಲರ ಬಿಳಿ ಕೈಗವಸಿನ ಬೆರಳುಗಳೂ ಹಸಿರಾಗಿದ್ದವು. ಆಳುಗಳನ್ನು ದೂರುವುದು ಲೇಡಿಯರ ಪದ್ಧತಿ ಎಂದು ನಾನು ಹೇಳಿದ್ದು ನೆನಪಿಟ್ಟುಕೊಂಡಿದ್ದರು. ಆಳಿಲ್ಲದ ಕಾರಣ ಒಬ್ಬೊಬ್ಬರೂ ತಮ್ಮ ಮನೆಯ ಕಸ ಗುಡಿಸುವ ರೋಬೋಟನ್ನು ದೂರಿದರು. ಅದು ಸೋಫಾ ಕೆಳಗೆ ಹೋಗಿ ಸುಮ್ಮನೆ ಮಲಗಿಬಿಡುತ್ತದಂತೆ. ಕಾರ್ಸೆಟ್ಟಿನಲ್ಲಿ ಉಸಿರಾಡಲಾಗದೆ ಅದಿತಿ ನಿಂತೇ ಇದ್ದಳು.

ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಭಾವ ಹೋಗಿ ನೋಡಿ ತಿರುಗಿ ಬಂದರು.

"ನೀರಜಾ ಬಂದಿದ್ದಾಳೆ ಕಣೇ."

ಎಲ್ಲರೂ ಪದ್ಮಿನಿ ಅಕ್ಕನನ್ನು ನೋಡಿದರು. ಅವರು ಟೊಪ್ಪಿ ಸರಿಮಾಡಿಕೊಂಡರು, ಮಡಿಲಲ್ಲಿದ್ದ ಕಸೂತಿಯನ್ನು ಕೈಗೆತ್ತಿಕೊಂಡರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು:

"ಐ ಆಮ್ ನಾಟ್ ಅಟ್ ಹೋಮ್."

"ಅಂದ್ರೆ?" ಎಂದರು ಭಾವ.

"ನಾನು ಮನೇಲಿಲ್ಲ ಅಂತ ಹೇಳಿ ರೀ."

"ಇಲ್ಲೇ ಇದೀಯಲ್ಲೇ!"

"ಅಯ್ಯೋ, ಎಟಿಕೆಟ್ಟು ರೀ! ಹೋಗಿ ಹೇಳಿ ಸುಮ್ನೆ."

"ಅಕ್ಕಾ, ಇವತ್ತು ಅಟ್ ಹೋಮ್ ದಿನ. ಇವತ್ತು ಹಾಗೆ ಹೇಳೋ ಹಾಗಿಲ್ಲ" ಎಂದೆ ನಾನು. ನನ್ನ ಧ್ವನಿ ಏರಿತ್ತು.

"ನೀನು ಕೂತ್ಕೋ ಅಪೂರ್ವಾ. ಶುಭಕಾರ್ಯ, ಹಬ್ಬ, ಎಲ್ಲದಕ್ಕೂ ಸೇರೋ ಜನ ನಾವು. ಗಂಡನ್ನ ಬಿಟ್ಟೋಳನ್ನ ಸೇರಿಸ್ಕೊಂಡ್ರೆ ನಾಳೆ ಒಬ್ಬೊಬ್ಬರ ಮನೇಲೂ ಒಂದೊಂದು ಮಾತು ಬರತ್ತೆ" ಎಂದರು. ಉಳಿದವರೆಲ್ಲ ಸೂಜಿಯಲ್ಲಿ ಮುಳುಗಿಬಿಟ್ಟಿದ್ದರು, ಕೆಲವರ ಸೂಜಿಯಲ್ಲಿ ದಾರವೇ ಇರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಭಾವನ ಹಿಂದೆಯೇ ಹೋದೆ.

ಇಂಗ್ಲಿಷ್ ಬಟ್ಲರನ ಬಾಯಲ್ಲಿ ಆ ಮಾತು ಸಲೀಸಾಗಿ ಹೊರಡುತ್ತಿತ್ತು. ಮೇಡಂ ಮನೆಯಲ್ಲಿಲ್ಲ, ಮುಗಿಯಿತು. ರಾಮದಾಸ್ ಭಾವ ಹುಟ್ಟಿದಾರಭ್ಯ ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ತಾವು ಕಂಡದ್ದನ್ನು ಕಂಡೆ ಎನ್ನಬೇಕು, ಕೇಳಿದ್ದನ್ನು ಕೇಳಿದೆ ಎನ್ನಬೇಕು.

"ಪದ್ಮಿನಿ ಮನೇಲಿಲ್ವಂತೆ ಕಣಮ್ಮ" ಎಂದರು.

"ಯಾರು ಹೇಳಿದ್ರು ಭಾವ?" ಎಂದಳು ನೀರಜಾ.

"ಅವಳೇ."

ಒಳಗೆ ಅದಿತಿ ಕಿಸಕ್ಕೆಂದದ್ದು ಕೇಳಿಸಿತು. ನೀರಜಾ ನಗಲಿಲ್ಲ. ಹಳೆಯ ರೇಷ್ಮೆ ಸೀರೆ ಉಟ್ಟು ಮೇಲೆ ಚಳಿಯ ಕೋಟು ಹಾಕಿಕೊಂಡು ಹೊಸ್ತಿಲಾಚೆ ನಿಂತಿದ್ದಳು, ಗೌನಿಗೆಲ್ಲಿ ಹೋಗಬೇಕು ಪಾಪ. ಬಾಗಿಲಲ್ಲಿ ಸಾಲಾಗಿ ಬಿಟ್ಟಿದ್ದ ಬೂಟುಗಳ ಮೇಲೆ ಅವಳ ಕಣ್ಣು ಹರಿದಾಡಿತು. ಯಾವುದು ಯಾರದೆಂದು ಅವಳಿಗೆ ಗೊತ್ತು.

"ಎಲ್ರೂ ಬಂದಿದ್ದಾರೆ" ಎಂದಳು ಮೆಲ್ಲಗೆ. ಭಾವ ತಟ್ಟೆಯನ್ನು ಎದೆಗವುಚಿಕೊಂಡು ನೆಲ ನೋಡಿದರು.

"ಸರಿ ಭಾವ, ನಾನು ಹೋಗ್ತೀನಿ."

"ಹೋಗ್ತೀನಿ ಅನ್ಬಾರ್ದು ಕಣೇ! ಹೋಗಿ ಬರ್ತೀನಿ ಅನ್ನು!"

ಒಳಗಿನಿಂದ ಬಂದ ಧ್ವನಿ. ಮನೆಯಲ್ಲಿಲ್ಲದ ಲೇಡಿ ಪದ್ಮಿನಿಯದೇ! ನಲವತ್ತೈದು ವರ್ಷ ಎಲ್ಲರ ಬಾಯಿಂದಲೂ ಆ ಅಪಶಕುನದ ಮಾತನ್ನು ತಿದ್ದಿ ತಿದ್ದಿ ಬಂದ ನಾಲಿಗೆ, ಎಟಿಕೆಟ್ಟಿಗೆಲ್ಲಿ ಕಾಯುತ್ತದೆ? ನಾನು ತಿರುಗಿ ನೋಡಿದೆ. ಅಕ್ಕ ಸೋಫಾದಿಂದ ಅರ್ಧ ಎದ್ದಿದ್ದರು, ಹಸಿರು ಬೆರಳು ಬಾಯಿಯ ಮೇಲಿತ್ತು.

ನೀರಜಾ ಮುಖ ಅರಳಿದ್ದನ್ನು ನೋಡಲಾರದೆ ಹೋದೆ ನಾನು. ಅವಳು ಕತ್ತು ಚಾಚಿ ಗೋಡೆಯಾಚೆಗೆ ಕೂಗಿ ಕೇಳಿದಳು:

"ಬರ್ಲಾ ಅಕ್ಕಾ?"

'ಬಾ' ಅನ್ನಲು ಎಷ್ಟು ಹೊತ್ತು ಬೇಕು? ಕನ್ನಡದಲ್ಲಿ ಅದಕ್ಕಿಂತ ಚಿಕ್ಕ ಮಾತಿಲ್ಲ. ಪದ್ಮಿನಿ ಅಕ್ಕ ಬಾಯಿ ತೆರೆದರು. ಅತ್ತಿತ್ತ ನೋಡಿದರು. ಗರಿಯ ಟೊಪ್ಪಿಗಳು ಒಂದೂ ಮೇಲೇಳಲಿಲ್ಲ. ಅವರು ನಿಧಾನವಾಗಿ ಕೂತು ಗೌನಿನ ನೆರಿಗೆ ಸರಿಮಾಡಿಕೊಂಡರು.

"ರೀ, ಬಾಗಿಲು ಹಾಕಿ. ಚಳಿ ಬರ್ತಿದೆ" ಎಂದರು.

ನಾನು ಬೂಟಿನೊಳಗೆ ಕಾಲು ತುರುಕಿಕೊಂಡು, ಲೇಸ್ ಕೂಡ ಕಟ್ಟದೆ ಹೊರಗೆ ನುಗ್ಗಿದೆ. ಭಾವ ನನ್ನ ಹಿಂದೆ ಬಾಗಿಲು ಹಾಕಿದರು, ಸದ್ದಾಗದ ಹಾಗೆ. ಮೆಟ್ಟಿಲಿಳಿಯುತ್ತ ಒಳಗಿದ್ದ ಅಷ್ಟೂ ಜನರಿಗೆ ಹೆಸರು ಹಿಡಿದು ಶಾಪ ಹಾಕಿದೆ, ನನ್ನ ಪಿಎಚ್‌ಡಿಗೂ ಸೇರಿಸಿ. ನೀರಜಾ ನನ್ನ ಮುಂದೆ ಇಳಿಯುತ್ತಿದ್ದಳು. ಬಸ್ ನಿಲ್ದಾಣದಲ್ಲಿ ಸ್ವೀಡನ್ನಿನವರು ತಮ್ಮ ವಾಡಿಕೆಯಂತೆ ದೂರದೂರ ನಿಂತಿದ್ದರು, ನನ್ನ ಗೌನನ್ನು ನೋಡಿಯೂ ನೋಡದವರಂತೆ.

"ಬೈದುಬಿಡು ನನ್ನ. ಬಾ ಅಂತ ಕರೆದೋಳು ನಾನೇ ತಾನೇ" ಎಂದೆ.

ಅವಳು ಬೈಯಲಿಲ್ಲ. ಬಸ್ಸು ಬರುವ ದಾರಿಯನ್ನೇ ನೋಡುತ್ತ, "ಅಕ್ಕನ ಧ್ವನಿ ಒಂಚೂರೂ ಬದಲಾಗಿಲ್ಲ ಅಲ್ವೇನೇ?" ಎಂದಳು. ಆಮೇಲೆ ಅಳತೊಡಗಿದಳು.